ಕೇಳಿ, ಹೇಳ್ತೀವಿ: ಒಳ್ಳೆ ಕಬ್ಬು ಯಾರಿಗೆ ಒಳ್ಳೇದು?

ಕಬ್ಬಿನಿಂದಲೂ ಮಾಡುವ ಎಥೆನಾಲನ್ನು ಪೆಟ್ರೋಲ್‌ಗೆ ಶೇಕಡ 20ರಷ್ಟು ಬೆರೆಸುವ ಬಗ್ಗೆ ಹೋದ ಸಂಚಿಕೆಯಲ್ಲಿ ಬರೆದಿದ್ದೆವು. ಕೊನೆಗೆ, ಕಬ್ಬಿನ ತಳಿ ಬಗ್ಗೆ ಏನಾದರೂ ಕೇಳೋದಿದ್ದರೆ ಬರೀರಿ ಅಂತ ಒಂದು ಸಾಲು ಸೇರಿಸಿದ್ದೆವು. ಮಂಡ್ಯ, ಬೆಳಗಾವಿ ಕಡೆಯಿಂದ ಕಾಗದ ಬರಬಹುದು ಅಂದುಕೊಂಡರೆ ಬಂದದ್ದರಲ್ಲಿ ಹೆಚ್ಚಿನವು ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದಿಂದ. ಕಬ್ಬು ಕಡಿಮೆ ಇರುವ ಸೀಮೆಯಲ್ಲೇ ಕಬ್ಬಿನ ಕುತೂಹಲ ಜಾಸ್ತಿ! ಈ ಸಲದ ಪುಟ ಅವರಿಗೇ ಮೀಸಲು.

ಪ್ರಶ್ನೆ: ಮಾರ್ಕೋನಹಳ್ಳಿ ಅಚ್ಚುಕಟ್ಟಿನಲ್ಲಿ ಎರಡು ಎಕರೆ ಇದೆ. ಬಹಳ ವರ್ಷದಿಂದ ಕೋ 86032 ಹಾಕ್ತಿದ್ದೀನಿ. ಈಚೆಗೆ ಟನ್ ಕಮ್ಮಿ ಬರ್ತಿದೆ. ತಳಿ ಸುಸ್ತಾಗಿದೆ, ಬದಲಾಯಿಸು ಅಂತಾರೆ ನಮ್ಮ ಭಾವ. ಸಕ್ಕರೆ ಅಂಶ ಜಾಸ್ತಿ ಇರೋ ಹೊಸ ತಳಿ ಹೇಳಿ ಸಾರ್.
— ಕುಣಿಗಲ್ ತಾಲೂಕಿನ ರೈತರು

ಮೊದಲು ನಿಮ್ಮ ಭಾವನವರ ಮಾತಿಗೆ ಬರೋಣ. ಸುಸ್ತಾಗಿರೋದು ತಳಿ ಅಲ್ಲ, ಬಹುಶಃ ನಿಮ್ಮ ಬಿತ್ತನೆ. ಕಬ್ಬನ್ನು ನಾವು ಬೀಜದಿಂದ ಬೆಳೆಯಲ್ಲ, ತುಂಡಿನಿಂದ ಬೆಳೀತೀವಿ. ಹೋದ ವರ್ಷದ ಗದ್ದೆಯಲ್ಲಿ ಏನೇನು ರೋಗ ಇತ್ತೋ ಅದೆಲ್ಲ ತುಂಡಿನ ಜೊತೆಗೇ ಈ ವರ್ಷದ ಗದ್ದೆಗೆ ಬರುತ್ತೆ, ಅದರ ಮುಂದಿನ ವರ್ಷ ಇನ್ನಷ್ಟು ಸೇರಿಕೊಳ್ಳುತ್ತೆ. ಎಲೆಯ ನಡುದಿಂಡು ಹಳದಿಯಾಗಿ ಗಿಣ್ಣು ಗಿಡ್ಡ ಆಗುವ ಹಳದಿ ಎಲೆ ರೋಗ ಹೀಗೇ ಹರಡೋದು. ಬುಡದಿಂದ ಬಿಳಿಚಿಕೊಂಡ ಹುಲ್ಲಿನಂಥ ಮರಿಗಳು ಗುಂಪಾಗಿ ಬರುವ ರೋಗವೂ ಅಷ್ಟೇ. ಕೂಳೆಯಲ್ಲಿ, ಅಂದರೆ ಕಡಿದ ಬುಡದಿಂದ ಮತ್ತೆ ಬರುವ ಬೆಳೆಯಲ್ಲಿ, ಇವೆರಡನ್ನೂ ಸುಲಭವಾಗಿ ಗುರುತು ಹಿಡೀಬಹುದು, ಒಂದು ಸುತ್ತು ಹಾಕಿ ನೋಡಿ.

ಹಾಗಾಗಿ ತಳಿ ಬದಲಾಯಿಸುವ ಮುಂಚೆ ಅದೇ ತಳಿಯ ಶುದ್ಧ ಬಿತ್ತನೆ ತಂದು ನೋಡಿ. ಅಂಗಾಂಶ ಕೃಷಿಯ ಗಿಡದಿಂದ ಬೆಳೆಸಿದ ಬಿತ್ತನೆ ಆದರೆ ಇನ್ನೂ ಒಳ್ಳೇದು. ಅದು ಸಿಗದಿದ್ದರೆ, 50 ಡಿಗ್ರಿ ಬಿಸಿನೀರಿನಲ್ಲಿ ತುಂಡುಗಳನ್ನು 2 ಗಂಟೆ ಇಟ್ಟು ಉಪಚಾರ ಮಾಡುವ ಪದ್ಧತಿ ಇದೆ. ಆದರೆ ಇದನ್ನು ಮನೆಯ ಹಂಡೆಯಲ್ಲಿ ಮಾಡೋಕೆ ಹೋಗಬೇಡಿ, ಬಿಸಿ ಸ್ವಲ್ಪ ಮೇಲೆ ಹೋದರೂ ಮೊಳಕೆ ಬರುವ ಕಣ್ಣು ಸತ್ತುಹೋಗುತ್ತೆ. ಒಂದೊಂದೇ ಕಣ್ಣು ಕಿತ್ತು ಟ್ರೇಯಲ್ಲಿ ಸಸಿ ಮಾಡಿಸಿದರೆ ಬಿತ್ತನೆ ಖರ್ಚೂ ಇಳಿಯುತ್ತೆ: ಸಾಲಿಂದ ಸಾಲಿಗೆ 5 ಅಡಿ, ಗಿಡದಿಂದ ಗಿಡಕ್ಕೆ 2 ಅಡಿ ಬಿಟ್ಟರೆ ಎಕರೆಗೆ ಸುಮಾರು 4,350 ಸಸಿ ಸಾಕು. ತುಂಡು ಹಾಕುವಾಗ ಎಕರೆಗೆ ಟನ್‌ಗಟ್ಟಲೆ ಕಬ್ಬು ಮಣ್ಣಿಗೆ ಹೋಗ್ತಿತ್ತಲ್ಲ, ಅದು ಉಳಿಯಿತು.

ಇನ್ನು ಸಕ್ಕರೆ ಅಂಶದ ವಿಷಯ. ಇಲ್ಲಿ ನಾನೇ ನಿಮಗೆ ಒಂದು ಪ್ರಶ್ನೆ ಕೇಳ್ತೀನಿ. ಸಕ್ಕರೆ ಜಾಸ್ತಿ ಇದ್ದರೆ ನಿಮಗೆ ದುಡ್ಡು ಜಾಸ್ತಿ ಬರುತ್ತಾ?

ಲೆಕ್ಕ ಹಾಕೋಣ. ಒಂದು ತಳಿ ಎಕರೆಗೆ 45 ಟನ್ ಕೊಡುತ್ತೆ, ಸಕ್ಕರೆ ಇಳುವರಿ ಶೇಕಡ 10. ಅಂದರೆ 4,500 ಕಿಲೋ ಸಕ್ಕರೆ. ಇನ್ನೊಂದು 40 ಟನ್ನೇ ಕೊಡುತ್ತೆ, ಇಳುವರಿ ಶೇಕಡ 12. ಅದರಲ್ಲಿ 4,800 ಕಿಲೋ. ತಳಿ ಮಾಡುವ ವಿಜ್ಞಾನಿಗೆ ಎರಡನೆಯದೇ ಗೆದ್ದ ಕಬ್ಬು. ಕಾರ್ಖಾನೆಗೂ ಅಷ್ಟೇ, 5 ಟನ್ ಕಮ್ಮಿ ಅರೆದು 300 ಕಿಲೋ ಸಕ್ಕರೆ ಜಾಸ್ತಿ. ಆದರೆ ನಿಮಗೆ? 2025-26ರ ಹಂಗಾಮಿಗೆ ಕೇಂದ್ರ ಸರ್ಕಾರ ಇಟ್ಟ ಎಫ್‌ಆರ್‌ಪಿ, ಅಂದರೆ ಕಾರ್ಖಾನೆ ರೈತರಿಗೆ ಕೊಡಲೇಬೇಕಾದ ಕನಿಷ್ಠ ದರ, ಕ್ವಿಂಟಲ್‌ಗೆ 355 ರೂಪಾಯಿ, ಅದು ಶೇಕಡ 10.25ರ ಸಕ್ಕರೆ ಇಳುವರಿಗೆ. ಅದರ ಮೇಲೆ ಪ್ರತಿ 0.1ಕ್ಕೆ 3 ರೂಪಾಯಿ 46 ಪೈಸೆ ಸೇರುತ್ತೆ. ಕೇಳೋಕೆ ಚೆನ್ನಾಗಿದೆ, ಅಲ್ವಾ? ಆದರೆ ಆ ಇಳುವರಿ ನಿಮ್ಮ ಗದ್ದೆಯದಲ್ಲ, ಇಡೀ ಕಾರ್ಖಾನೆಯ ಸರಾಸರಿ. ನಿಮ್ಮ ಲೋಡು ಎಷ್ಟೇ ಸಿಹಿ ಇರಲಿ, ಪಕ್ಕದವರ ಸಪ್ಪೆ ಕಬ್ಬಿನ ಜೊತೆ ಸೇರಿ ಒಂದೇ ರೇಟು. ಬಿಲ್ ಆಗೋದು ತೂಕದ ಮೇಲೆ. ಟನ್‌ಗೆ 3,550ರಂತೆ ಆ 5 ಟನ್‌ಗೆ ನೀವು 17,750 ರೂಪಾಯಿ ಕಳಕೊಂಡಿರಿ.

ಎಲ್ಲರೂ ಸಿಹಿ ತಳಿ ಹಾಕಿದರೆ ಸರಾಸರಿ ಏರುತ್ತೆ, ಎಲ್ಲರಿಗೂ ಲಾಭ ಅನ್ನೋ ವಾದ ಇದೆ. ಸರಿಯಾದದ್ದೇ. ಆದರೆ ಮೊದಲು ಹಾಕೋನು ಯಾರು? ಪ್ರತಿಯೊಬ್ಬರ ಕಬ್ಬನ್ನೂ ಬೇರೆ ಬೇರೆ ಅಳೆದು ದುಡ್ಡು ಕೊಡುವ ತನಕ ರೈತ ತೂಕದ ತಳಿಯನ್ನೇ ನೆಚ್ಚಿಕೊಳ್ಳುತ್ತಾನೆ. ಅದರಲ್ಲಿ ತಪ್ಪೇನೂ ಇಲ್ಲ.

ಕೋ 86032 ಇಷ್ಟು ಕಾಲ ನಿಂತಿರೋದು ತೂಕ, ಸಕ್ಕರೆ ಎರಡನ್ನೂ ತಕ್ಕಮಟ್ಟಿಗೆ ಕೊಟ್ಟು, ಕೂಳೆಯೂ ಚೆನ್ನಾಗಿ ಬಂದು, ನೀರು ಸ್ವಲ್ಪ ತಪ್ಪಿದರೂ ತಡಕೊಳ್ಳುತ್ತೆ ಅನ್ನೋ ಕಾರಣಕ್ಕೆ. ಬದಲಾಯಿಸಲೇಬೇಕು ಅಂದರೆ ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಿಂದ ಬಂದ ವಿಸಿಎಫ್ 0517 ತಳಿಯನ್ನು ಹತ್ತು ಗುಂಟೆಯಲ್ಲಿ ಹಾಕಿ ನೋಡಿ. ಎರಡೂ ಎಕರೆಗೆ ಒಟ್ಟಿಗೆ ಬೇಡ. ಕೂಳೆ ಬೆಳೆ ನೋಡಿದ ಮೇಲೆ ತೀರ್ಮಾನ ಮಾಡಿ.

ಪ್ರಶ್ನೆ: ನಾನು ಬಿ.ಎಸ್ಸಿ ಓದುತ್ತಿದ್ದೇನೆ. ಕಬ್ಬನ್ನು ತುಂಡಿನಿಂದ ನೆಟ್ಟರೆ ತಾಯಿ ಗಿಡದ ನಕಲೇ ಬರುತ್ತದೆ. ಹಾಗಿದ್ದರೆ ಹೊಸ ತಳಿ ಎಲ್ಲಿಂದ ಹುಟ್ಟುತ್ತದೆ? ಇದಕ್ಕೆ ಎಷ್ಟು ಕಾಲ ಬೇಕು?
— ಗೌರಿಬಿದನೂರಿನ ವಿದ್ಯಾರ್ಥಿನಿ

ಒಳ್ಳೆ ಪ್ರಶ್ನೆಯಮ್ಮ. ಇದಕ್ಕೆ ಸ್ವಲ್ಪ ಉದ್ದವಾಗಿಯೇ ಉತ್ತರ ಕೊಡ್ತೀನಿ.

ಕಬ್ಬು ಹೂ ಬಿಡುತ್ತೆ. ತುದಿಯಲ್ಲಿ ಬೆಳ್ಳಗೆ ಗರಿಯ ಹಾಗೆ ಬರುತ್ತಲ್ಲ, ಸೂಲಂಗಿ ಅಂತಾರೆ, ಅದೇ. ಅದರಲ್ಲಿ ಬೀಜ ಇದೆ, ಆ ಬೀಜ ಮೊಳೆಯುತ್ತೆ ಅಂತ ಗೊತ್ತಾದದ್ದು ತೀರಾ ತಡವಾಗಿ. ಜಾವಾದಲ್ಲಿ 1887ರಲ್ಲಿ, ಬಾರ್ಬಡೋಸ್‌ನಲ್ಲಿ 1888ರಲ್ಲಿ. ಅಲ್ಲಿಯವರೆಗೆ ಸಾವಿರಾರು ವರ್ಷ ನಮ್ಮವರೂ ಪರದೇಶದವರೂ ತುಂಡು ನೆಟ್ಟುಕೊಂಡೇ ಬಂದಿದ್ದರು. ಬೀಜ ಎಷ್ಟು ಸಣ್ಣದು ಅಂದರೆ ಒಂದು ಗ್ರಾಂ ನಯವಾದ ಹತ್ತಿಯಂಥ ಹೂಪುಡಿಯಲ್ಲಿ ನೂರಾರು ಸಸಿ ಬರಬಹುದು. ಮತ್ತೆ ಇಲ್ಲಿದೆ ನೋಡಿ ಗುಟ್ಟು: ತುಂಡಿನಿಂದ ಬಂದ ಗಿಡಗಳೆಲ್ಲ ಒಂದೇ ಥರ, ಬೀಜದಿಂದ ಬಂದ ಒಂದೊಂದು ಗಿಡವೂ ಬೇರೆ. ತಳಿ ಮಾಡೋದು ಅಂದರೆ ಈ ಗುಂಪಿನಿಂದ ಒಂದನ್ನು ಆರಿಸಿ, ಆಮೇಲೆ ಅದನ್ನು ತುಂಡಿನಿಂದ ಬೆಳೆಸುತ್ತಾ ಹೋಗೋದು. ಅದೃಷ್ಟಕ್ಕೆ ಆರಿಸಿದ ಗುಣ ಮತ್ತೆ ಚೆದುರಿ ಹೋಗಲ್ಲ. ಬತ್ತ, ಜೋಳದ ತಳಿ ವಿಜ್ಞಾನಿಗಳಿಗೆ ಈ ಸುಖ ಇಲ್ಲ.

ಆದರೆ ಕಬ್ಬು ಎಲ್ಲ ಕಡೆ ಹೂ ಬಿಡಲ್ಲ. ಹಗಲು ಸುಮಾರು ಹನ್ನೆರಡೂವರೆ ಗಂಟೆ ಇರುವ ದಿನಗಳು ನಿಧಾನವಾಗಿ ಕಮ್ಮಿಯಾಗುತ್ತಾ ಬರಬೇಕು, ರಾತ್ರಿ ತೀರಾ ತಣ್ಣಗಿರಬಾರದು, ಮಣ್ಣಲ್ಲಿ ತೇವ ಇರಬೇಕು. ಇದೆಲ್ಲ ಕೂಡಿ ಬರೋ ಜಾಗ ಕೊಯಮತ್ತೂರು. 1912ರಲ್ಲಿ ಅಲ್ಲಿ ಕಬ್ಬು ತಳಿ ಸಂಸ್ಥೆ ಶುರುವಾಯಿತು. ಆಗ ಭಾರತ ಜಾವಾದಿಂದ ಸಕ್ಕರೆ ತರಿಸಿಕೊಳ್ಳುತ್ತಿತ್ತು ಅಂದರೆ ಈಗ ನಂಬೋದು ಕಷ್ಟ. ಸಂಸ್ಥೆಯ ಮೊದಲ ಮುಖ್ಯಸ್ಥ ಸಿ.ಎ. ಬಾರ್ಬರ್, ಜೊತೆಗಿದ್ದವರು ಟಿ.ಎಸ್. ವೆಂಕಟರಾಮನ್. ಅವರು ದಪ್ಪಗೆ ರಸ ತುಂಬಿದ ಕಬ್ಬನ್ನು ಅಲ್ಲೇ ಹೊಳೆದಂಡೆಯಲ್ಲಿ ಹುಲ್ಲಿನ ಹಾಗೆ ಬೆಳೆಯುವ ಕಾಡು ಕಬ್ಬಿನ ಜೊತೆ ಕೂಡಿಸಿದರು. ಕಾಡು ಕಬ್ಬಿನಲ್ಲಿ ಸಿಹಿ ಇಲ್ಲ. ಆದರೆ ಬರ, ರೋಗ, ಚಳಿ ಯಾವುದಕ್ಕೂ ಅದು ಬಗ್ಗಲ್ಲ. ಹೀಗೆ ಹುಟ್ಟಿದ ಕೋ 205 ತಳಿ 1918ರಲ್ಲಿ ಹೊರಬಂತು. ಇವತ್ತು ಜಗತ್ತಿನಲ್ಲಿ ಬೆಳೆಯುವ ಹೆಚ್ಚುಕಮ್ಮಿ ಎಲ್ಲ ಕಬ್ಬಿನಲ್ಲೂ ಕಾಡು ಕಬ್ಬಿನ ರಕ್ತ ಒಂದಿಷ್ಟು ಇದೆ. ಗಿಡಗಳ ವರ್ಣತಂತುಗಳ ಅಧ್ಯಯನಕ್ಕೆ ಹೆಸರಾದ ಜಾನಕಿ ಅಮ್ಮಾಳ್ ಕೂಡ 1930ರ ದಶಕದಲ್ಲಿ ಅಲ್ಲಿದ್ದು ಕಬ್ಬನ್ನು ಬೇರೆ ಹುಲ್ಲುಜಾತಿಗಳ ಜೊತೆ, ಮುಸುಕಿನ ಜೋಳದ ಜೊತೆ ಸಹ, ಕೂಡಿಸುವ ಪ್ರಯೋಗ ಮಾಡಿದ್ದರು. ನೀವು ಸಸ್ಯಶಾಸ್ತ್ರ ಓದ್ತಿದ್ದರೆ ಅವರ ಬಗ್ಗೆ ತಿಳಕೊಳ್ಳಿ.

ಕ್ರಮ ಹೇಗೆ ಅಂದರೆ, ಅಕ್ಟೋಬರ್-ನವೆಂಬರ್ ಹೊತ್ತಿಗೆ ಸೂಲಂಗಿ ಬಂದಾಗ ಪರಾಗ ಚೆನ್ನಾಗಿರೋ ಗಿಡ ಯಾವುದು, ಇಲ್ಲದ್ದು ಯಾವುದು ಅಂತ ಸೂಕ್ಷ್ಮದರ್ಶಕದಲ್ಲಿ ನೋಡ್ತಾರೆ. ಪರಾಗ ಸೊರಗಿದ್ದನ್ನು ಹೆಣ್ಣಾಗಿ ಇಟ್ಟುಕೊಂಡು, ಬೇರೆ ಪರಾಗ ಬೀಳದ ಹಾಗೆ ಮುಸುಕು ಹಾಕಿ, ಬೇಕಾದ ಗಂಡಿನ ಪರಾಗ ಸೋಕಿಸ್ತಾರೆ. ಬೀಜ ಬಲಿತ ಮೇಲೆ ಸಸಿ. ಸಾವಿರ ಸಾವಿರ ಸಸಿ. ಮೊದಲ ವರ್ಷವೇ ಹೆಚ್ಚಿನವು ಕಸಕ್ಕೆ. ಉಳಿದದ್ದನ್ನು ತುಂಡಿನಿಂದ ಬೆಳೆಸಿ ಸಾಲು ಸಾಲು ಹಾಕಿ ಬ್ರಿಕ್ಸ್, ಅಂದರೆ ರಸದ ಸಿಹಿಯ ಅಳತೆ, ನೋಡೋದು, ಕೆಂಪು ಕೊಳೆ ರೋಗದ ಶಿಲೀಂಧ್ರವನ್ನು ಕಬ್ಬಿನೊಳಗೇ ಹಾಕಿ ತಡಕೊಳ್ಳುತ್ತಾ ಅಂತ ಪರೀಕ್ಷೆ ಮಾಡೋದು, ಮತ್ತೆ ಕಸಕ್ಕೆ ಎಸೆಯೋದು. ಕೊನೆಗೆ ಉಳಿದ ಬೆರಳೆಣಿಕೆಯಷ್ಟನ್ನು ಬೇರೆ ಬೇರೆ ರಾಜ್ಯದ ಕೇಂದ್ರಗಳಲ್ಲಿ ಎರಡು ನಾಟಿ ಬೆಳೆ, ಒಂದು ಕೂಳೆ ತೆಗೆದು ತೂಗಿ ನೋಡ್ತಾರೆ. ಹನ್ನೆರಡು, ಹದಿನಾಲ್ಕು ವರ್ಷ ಆಗಿಹೋಗುತ್ತೆ.

ಇದಕ್ಕೆ ಸಾಕ್ಷಿ ಬೇಕಾದರೆ ತಳಿಯ ನಂಬರನ್ನೇ ನೋಡಿ. ಕೋ 86032 ಅಂದರೆ 1986ರಲ್ಲಿ ಕೊಯಮತ್ತೂರಿನಲ್ಲಿ ನಂಬರು ಪಡೆದದ್ದು. ಬೇಸಾಯಕ್ಕೆ ಬಿಡುಗಡೆಯಾಗಿದ್ದು 2000ದಲ್ಲಿ! ಕೋ ಪಕ್ಕ ಇನ್ನೊಂದು ಅಕ್ಷರ ಇದ್ದರೆ, ಕೂಡಿಸಿದ್ದು ಕೊಯಮತ್ತೂರಿನಲ್ಲಿ, ಆರಿಸಿದ್ದು ಬೇರೆ ಕೇಂದ್ರದಲ್ಲಿ. ಕೋವಿಸಿ ಅಂದರೆ ನಮ್ಮ ವಿ.ಸಿ. ಫಾರಂ, ಕೋಸಿ ಅಂದರೆ ಕಡಲೂರು.

ವಂಶವೂ ಮಜವಾಗಿದೆ. ಕೋ 86032ರ ತಂದೆ ಕೋಸಿ 671. ಅದರ ತಾಯಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ಕ್ಯೂ 63, ತಂದೆ ಕೋ 775. ಈ ಕೋ 775ರ ತಾಯಿ ಜಾವಾದ ಪಿಒಜೆ 2878. ಕುಣಿಗಲ್ ಗದ್ದೆಯ ಕಬ್ಬಿಗೆ ಎಲ್ಲೆಲ್ಲಿಯ ನೆಂಟಸ್ತನ ನೋಡಿ.

ಓದಿನಲ್ಲಿ ಮುಂದೆ ಹೋಗುವ ಮನಸ್ಸಿದ್ದರೆ ಇನ್ನೊಂದು ವಿಷಯ. ಮನುಷ್ಯರಲ್ಲಿ ವರ್ಣತಂತು 46. ಈಗಿನ ಕಬ್ಬಿನಲ್ಲಿ 100ರಿಂದ 130. ಒಂದೊಂದು ವಂಶವಾಹಿಗೂ ಎರಡಲ್ಲ, ಹಲವು ಪ್ರತಿ. ಹಾಗಾಗಿಯೇ ಬತ್ತದ ಜೀನೋಮ್, ಅಂದರೆ ವಂಶವಾಹಿಗಳ ಇಡೀ ಪಾಠ, ಓದಿ ಮುಗಿಸಿ ಎಷ್ಟೋ ವರ್ಷ ಆದ ಮೇಲೆ, 2024ರಲ್ಲಿ, ಬೇಸಾಯದಲ್ಲಿರುವ ಆರ್570 ಎಂಬ ಕಬ್ಬಿನ ಪೂರ್ಣ ಜೀನೋಮ್ ಪ್ರಕಟವಾಯಿತು. ಕೆಲಸ ಇನ್ನೂ ಬೇಕಾದಷ್ಟು ಬಾಕಿ ಇದೆ.

ಪ್ರಶ್ನೆ: ನಮ್ಮ ತಾತ ಪಟ್ಟಾಪಟ್ಟಿ ಕಬ್ಬು, ರಸದಾಳಿ ಕಬ್ಬು ಅಂತ ಹೇಳ್ತಿದ್ದರು. ಸಂಕ್ರಾಂತಿಗೆ ಈಗ ಸಿಗೋದು ಬರೀ ಕರಿಕಬ್ಬು. ಅವೆಲ್ಲ ಏನಾದವು?
— ಚಿಕ್ಕಬಳ್ಳಾಪುರದ ನಿವೃತ್ತ ಶಿಕ್ಷಕರು

ಮೇಷ್ಟ್ರೇ, ನಿಮ್ಮ ತಾತನವರು ಹೇಳಿದ ಈ ಎರಡೂ ಹೆಸರು ಹಳೆಯ ದಾಖಲೆಯಲ್ಲೇ ಇವೆ. 1800ರಲ್ಲಿ ಮೈಸೂರು ಸೀಮೆ ಸುತ್ತಿದ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ರಸದಾಳಿ, ಪಟ್ಟಾಪಟ್ಟಿ ಎರಡನ್ನೂ ಬರೆದಿಟ್ಟಿದ್ದಾನೆ. ಚಿಕ್ಕಬಳ್ಳಾಪುರದ ಕಲ್ಲುಸಕ್ಕರೆಯ ಬಗ್ಗೆಯೂ ಬರೆದಿದ್ದಾನೆ. ನಿಮ್ಮೂರು ಆ ಕಾಲಕ್ಕೇ ಸಕ್ಕರೆಗೆ ಹೆಸರಾಗಿತ್ತು. ಗೌರಿಬಿದನೂರಿನಲ್ಲಿ ಸಹಕಾರಿ ಸಕ್ಕರೆ ಕಾರ್ಖಾನೆ ಬಂದದ್ದು, ನಿಂತದ್ದು ಎಲ್ಲ ಆಮೇಲಿನ ಕತೆ.

ಅವು ಅಗಿಯೋಕೆ ಮೆದು, ರಸ ಜಾಸ್ತಿ. ಆದರೆ ರೋಗ ಬಂದರೆ ತಡಕೊಳ್ಳಲ್ಲ, ನೀರು ಗೊಬ್ಬರ ಸ್ವಲ್ಪ ತಪ್ಪಿದರೂ ಸೊರಗುತ್ತವೆ. ನರಿ, ಹಂದಿಗಂತೂ ಹಬ್ಬ. ಕೋ 419 ಬಂದ ಮೇಲೆ ದಕ್ಷಿಣದಲ್ಲಿ ಇವುಗಳ ಕಾಲ ಮುಗೀತು. 1933ರಲ್ಲಿ ಮಂಡ್ಯದ ಮೈಸೂರು ಸಕ್ಕರೆ ಕಂಪನಿ ಶುರುವಾದ ಮೇಲೆ ಬೇಕಾದದ್ದು ಅಗಿಯೋ ಕಬ್ಬಲ್ಲ, ಗಾಣಕ್ಕೆ ಕೊಡೋ ಕಬ್ಬು.

ಪೂರ್ತಿ ಕಳೆದುಹೋಗಿಲ್ಲ. ಕೇರಳದ ಕಣ್ಣೂರಿನಲ್ಲಿ ಕೊಯಮತ್ತೂರು ಸಂಸ್ಥೆಯ ಒಂದು ಕೇಂದ್ರ ಇದೆ. ಲೋಕದ ದೊಡ್ಡ ಕಬ್ಬಿನ ಸಂಗ್ರಹಗಳಲ್ಲಿ ಅದೂ ಒಂದು. ಸುತ್ತಮುತ್ತ ಕಬ್ಬಿನ ಬೇಸಾಯ ಇಲ್ಲದ ಕಡೆ ಇಟ್ಟರೆ ರೋಗ ಹತ್ತಿರ ಬರಲ್ಲ ಅಂತ ಆ ಊರನ್ನು ಆರಿಸಿದ್ದು. ಹಳೆಯ ದಪ್ಪ ಕಬ್ಬುಗಳು, ಕಾಡು ಕಬ್ಬುಗಳು ಅಲ್ಲಿ ಪ್ರತಿ ವರ್ಷ ನೆಟ್ಟುಕೊಂಡೇ ಬದುಕಿವೆ. ಇವನ್ನು ಬೀಜದ ಡಬ್ಬಿಯಲ್ಲಿ ಮುಚ್ಚಿ ಇಡೋ ಹಾಗಿಲ್ಲವಲ್ಲ, ಅದೇ ಕಷ್ಟ.

ಪ್ರಶ್ನೆ: ಎಥೆನಾಲ್‌ಗೆ ಅಂತಲೇ ಬೇರೆ ಕಬ್ಬಿನ ತಳಿ ಇದೆಯಾ? ಇದ್ದರೆ ನಮ್ಮ ಕಡೆ ಬೆಳೆಯಬಹುದಾ? ಟೊಮೆಟೊ ಸಹವಾಸ ಸಾಕಾಗಿದೆ.
— ಕೋಲಾರ ತಾಲೂಕಿನ ಓದುಗರು

ಟೊಮೆಟೊದ ಸಿಟ್ಟು ಅರ್ಥ ಆಗುತ್ತೆ. ಆದರೂ ಸ್ವಲ್ಪ ತಾಳಿ.

ಸಕ್ಕರೆ ಮಾಡೋರಿಗೆ ಬೇಕಾದದ್ದು ಸುಕ್ರೋಸ್ ಒಂದೇ, ಹರಳುಗಟ್ಟೋದು ಅದೇ. ರಸದಲ್ಲಿ ಗ್ಲೂಕೋಸ್, ಫ್ರಕ್ಟೋಸ್ ಇದ್ದರೆ ಅದು ಹರಳಿಗೆ ಅಡ್ಡಿ, ಕೊನೆಗೆ ಸಕ್ಕರೆ ತೆಗೆದ ಮೇಲೆ ಉಳಿಯುವ ಗಟ್ಟಿ ಪಾಕಕ್ಕೆ, ಅಂದರೆ ಕಾಕಂಬಿಗೆ, ಹೋಗುತ್ತೆ. ಎಥೆನಾಲ್ ಮಾಡೋದು ಯೀಸ್ಟ್. ಅದಕ್ಕೆ ಈ ಮಡಿವಂತಿಕೆ ಇಲ್ಲ, ಮೂರನ್ನೂ ತಿನ್ನುತ್ತೆ. ಹಾಗಾಗಿ ಎಥೆನಾಲ್‌ಗೆ ಕಬ್ಬು ಪೂರ್ತಿ ಮಾಗಿರಲೇಬೇಕು ಅಂತಿಲ್ಲ, ರಸ ಪರಿಶುದ್ಧ ಇರಬೇಕು ಅಂತಲೂ ಇಲ್ಲ. ಎಕರೆಗೆ ಒಟ್ಟು ಎಷ್ಟು ಸಿಹಿ ಸಿಗುತ್ತೆ ಅನ್ನೋದೇ ಲೆಕ್ಕ. ತಳಿ ವಿಜ್ಞಾನಿ ಆರಿಸುವ ಅಳತೆಗೋಲೇ ಇಲ್ಲಿ ಬದಲಾಗುತ್ತೆ.

ಇನ್ನೂ ಒಂದು ಹೆಜ್ಜೆ ಮುಂದೆ ಹೋದವರು ಕಾಡು ಕಬ್ಬಿನ ಪಾಲು ಹೆಚ್ಚಿಸಿ ಎನರ್ಜಿ ಕೇನ್ ಅನ್ನೋ ಜಾತಿ ಮಾಡಿದ್ದಾರೆ. ಮಾಮೂಲಿ ಕಬ್ಬಿನಲ್ಲಿ ನಾರು ಶೇಕಡ 13-14 ಇದ್ದರೆ ಇದರಲ್ಲಿ 20 ದಾಟುತ್ತೆ. ಕೂಳೆ ಮೇಲೆ ಕೂಳೆ ಬರುತ್ತೆ, ಒಣ ನೆಲದಲ್ಲೂ ಎದ್ದು ನಿಲ್ಲುತ್ತೆ. ಕೊಯಮತ್ತೂರಿನಲ್ಲೂ ಇಂಥವನ್ನು ಆರಿಸಿದ್ದಾರೆ. ಆದರೆ ಕೊಳ್ಳೋರು ಯಾರು? ನಾರನ್ನು ಉರಿಸಿ ಕರೆಂಟು ಮಾಡಬೇಕು, ಇಲ್ಲ ನಾರಿನಿಂದಲೇ ಎಥೆನಾಲ್ ತೆಗೆಯುವ ಎರಡನೇ ತಲೆಮಾರಿನ ಕಾರ್ಖಾನೆ ಬೇಕು. ಪಾಣಿಪತ್‌ನಲ್ಲಿ 2022ರಲ್ಲಿ ಬತ್ತದ ಹುಲ್ಲಿನಿಂದ ಎಥೆನಾಲ್ ಮಾಡುವ ಘಟಕ ಬಂತು. ಕೋಲಾರದ ಸುತ್ತ ಅಂಥದ್ದೇನೂ ಇಲ್ಲ.

ಈಗ ಕಾರ್ಖಾನೆಯ ಒಳಗಿನ ಲೆಕ್ಕ. ಒಂದು ಟನ್ ಕಬ್ಬಿನಿಂದ ಸಕ್ಕರೆಯನ್ನೆಲ್ಲ ತೆಗೆದು, ಉಳಿದ ಕಾಕಂಬಿಯಿಂದ ಮಾಡಿದರೆ ಸುಮಾರು 11 ಲೀಟರ್ ಎಥೆನಾಲ್. ಒಂದಿಷ್ಟು ಸಕ್ಕರೆ ಬಿಟ್ಟುಕೊಟ್ಟು, ಇನ್ನೂ ಸಿಹಿ ಇರುವ ಬಿ-ಹೆವಿ ಕಾಕಂಬಿಯಿಂದ ಮಾಡಿದರೆ 20 ಲೀಟರ್ ಹತ್ತಿರ. ಸಕ್ಕರೆಯೇ ಬೇಡ, ರಸದಿಂದ ನೇರವಾಗಿ ಅಂದರೆ ಸುಮಾರು 70. ತೈಲ ಕಂಪನಿಗಳು 2024-25ರಲ್ಲಿ ಕೊಟ್ಟ ದರ ಕ್ರಮವಾಗಿ ಲೀಟರ್‌ಗೆ 57.97, 60.73, 65.61 ರೂಪಾಯಿ. ಒಂದು ಕಿಲೋ ಸಕ್ಕರೆಯಷ್ಟು ಸಿಹಿಯಿಂದ ಕೈಗೆ ಸಿಗೋದು 0.6 ಲೀಟರ್ ಆಸುಪಾಸು. ಅಂದರೆ ರಸದಿಂದ ಮಾಡಿದರೂ ಕಿಲೋಗೆ 39-40 ರೂಪಾಯಿ ಆಯಿತು. ಸಕ್ಕರೆ ರೇಟು ಏರಿದರೆ ಸಕ್ಕರೆ, ಇಳಿದರೆ ಎಥೆನಾಲ್, ಕಾರ್ಖಾನೆಯವರು ಎರಡಕ್ಕೂ ಒಗ್ಗುವ ಕಬ್ಬನ್ನೇ ಕೇಳ್ತಾರೆ. ಅದರ ಮೇಲೆ ಸರ್ಕಾರದ ನಿಯಮ ಬೇರೆ: ಮಳೆ ಕೈಕೊಟ್ಟಿತು ಅಂತ 2023ರ ಡಿಸೆಂಬರ್‌ನಲ್ಲಿ ರಸದಿಂದ ಎಥೆನಾಲ್ ಮಾಡೋದಕ್ಕೆ ಕಡಿವಾಣ ಹಾಕಿದರು, ಮುಂದಿನ ಹಂಗಾಮಿಗೆ ತೆಗೆದರು. ಹೀಗೆ ವರ್ಷಕ್ಕೊಂದು ಥರ ಇದ್ದರೆ, ಹದಿನಾಲ್ಕು ವರ್ಷ ಹಿಡಿಯುವ ತಳಿಯನ್ನು ಬರೀ ಎಥೆನಾಲ್‌ಗೆ ಅಂತ ಯಾವ ಧೈರ್ಯದ ಮೇಲೆ ಮಾಡೋದು?

ನಿಮ್ಮ ಕಡೆಗೆ ಬರೋಣ. ಎಥೆನಾಲ್ ಅಂದ ತಕ್ಷಣ ಎಲ್ಲರೂ ಕಬ್ಬು ಅಂತಾರೆ. ಆದರೆ 2024-25ರಲ್ಲಿ ದೇಶದ ಎಥೆನಾಲ್‌ನಲ್ಲಿ ಅತಿ ದೊಡ್ಡ ಪಾಲು ಮುಸುಕಿನ ಜೋಳದ್ದು. ಟನ್‌ಗೆ 380 ಲೀಟರ್ ಹತ್ತಿರ ಬರುತ್ತೆ, ದರವೂ 71.86 ರೂಪಾಯಿ. ಗೌರಿಬಿದನೂರು, ಮಧುಗಿರಿ, ಕೊರಟಗೆರೆ ಕಡೆ ಮಳೆಯಲ್ಲೇ ಬೆಳೆಯುವ ಬೆಳೆ ಅದು, ನಾಲ್ಕು ತಿಂಗಳಿಗೆ ಮುಗಿಯುತ್ತೆ. ಎಥೆನಾಲ್ ಬೆಳೆ ಬೇಕು ಅಂತಿದ್ದರೆ ಅದು ಆಗಲೇ ನಿಮ್ಮ ಪಕ್ಕದ ಹೊಲದಲ್ಲಿದೆ. ರೇಟು ನಿಲ್ಲುತ್ತಾ ಅನ್ನೋದು ಬೇರೆ ಮಾತು. ಟೊಮೆಟೊ ಬೆಳೆದವರಿಗೆ ಅದನ್ನು ನಾನು ಹೇಳಿಕೊಡಬೇಕಾ?

ಪ್ರಶ್ನೆ: ಪಾವಗಡದ ಹತ್ತಿರ ಎರಡು ಬೋರ್ ಇದೆ. ಬರ ತಡೆಯುವ ಕಬ್ಬಿನ ತಳಿ ಹಾಕಬಹುದಾ?
— ಪಾವಗಡ ತಾಲೂಕಿನ ಯುವ ರೈತರು

ಬೇಡಪ್ಪ. ಬರ ತಡೆಯುತ್ತೆ ಅಂದರೆ ಒಂದೆರಡು ನೀರು ತಪ್ಪಿದರೆ ಸಾಯಲ್ಲ ಅಂತ ಅಷ್ಟೇ, ನೀರೇ ಬೇಡ ಅಂತ ಅಲ್ಲ. ಕಬ್ಬಿಗೆ ವರ್ಷಕ್ಕೆ 2,000 ಮಿಲಿಮೀಟರ್ ಹತ್ತಿರ ನೀರು ಬೇಕು. ಒಂದು ಎಕರೆಗೆ ಲೆಕ್ಕ ಹಾಕಿದರೆ 80 ಲಕ್ಷ ಲೀಟರ್. ಹನಿ ನೀರಾವರಿಯಲ್ಲಿ ಬಹಳಷ್ಟು ಉಳಿಸಬಹುದು ಅಂತಲೇ ಇಟ್ಟುಕೊಳ್ಳಿ, ಉಳಿದದ್ದನ್ನು ಕೊಡೋಕೂ ಆ ನೆಲದ ಬೋರಿನಲ್ಲಿ ಆಗಲ್ಲ. ಕಾರ್ಖಾನೆಯೂ ದೂರ, ಕಡಿದ ಕಬ್ಬು ದಾರಿಯಲ್ಲೇ ತೂಕ ಕಳಕೊಳ್ಳುತ್ತೆ.

ಪ್ರಶ್ನೆ: ಆಲೆಮನೆ ಇಟ್ಟಿದ್ದೀವಿ. ಬೆಲ್ಲ ಕೆಲವು ಸಲ ಗಟ್ಟಿ ಕಟ್ಟಲ್ಲ, ಮಳೆಗಾಲದಲ್ಲಿ ಬೆವರುತ್ತೆ. ತಳಿಯ ದೋಷವಾ?
— ಗುಬ್ಬಿ ಕಡೆಯ ಓದುಗರು

ಅರ್ಧ ತಳಿ, ಅರ್ಧ ಕಟಾವಿನ ಹೊತ್ತು. ಗ್ಲೂಕೋಸ್, ಫ್ರಕ್ಟೋಸ್ ಜಾಸ್ತಿಯಾದರೆ ಬೆಲ್ಲ ಮೆತ್ತಗಾಗುತ್ತೆ, ಗಾಳಿಯ ತೇವ ಹೀರಿ ಬೆವರುತ್ತೆ. ಕಬ್ಬು ಮಾಗದಿದ್ದರೂ ಹೀಗೆ, ಕಡಿದು ಎರಡು ಮೂರು ದಿನ ಬಿದ್ದಿದ್ದರೂ ಹೀಗೆ. ಕೈಯಲ್ಲಿ ಹಿಡಿಯುವ ಬ್ರಿಕ್ಸ್ ಮೀಟರ್ ಒಂದು ತಗೊಳ್ಳಿ. ಬುಡದ ಗಿಣ್ಣಿನ ರಸ, ತುದಿಯ ಗಿಣ್ಣಿನ ರಸ ಎರಡನ್ನೂ ನೋಡಿ. ಎರಡೂ ಹತ್ತಿರ ಹತ್ತಿರ ಬಂದರೆ ಕಬ್ಬು ಮಾಗಿದೆ ಅಂತ ಅರ್ಥ. ತಳಿಯಲ್ಲಿ ಕೋ 86032 ಬೆಲ್ಲಕ್ಕೆ ಒಳ್ಳೇದೇ. ಚೌಳು ನೀರಿನ ಗದ್ದೆಯದಾದರೆ ಮಾತ್ರ ಯಾವ ತಳಿ ಆದರೂ ಬೆಲ್ಲ ಉಪ್ಪುಪ್ಪು.

ಬಣ್ಣಕ್ಕೆ ಅಂತ ಹೈಡ್ರೋಸ್ ಅನ್ನೋ ರಾಸಾಯನಿಕ ಹಾಕಬೇಡಿ, ಬೆಂಡೆ ಗಿಡದ ಲೋಳೆಯಲ್ಲೇ ಕೊಳೆ ಎತ್ತಿ. ಒಂದು ಮಾತು ನಿಮಗೇ ಹೇಳಬೇಕು. ಕಬ್ಬಿನ ಸಿಹಿಯನ್ನು ಕಣ್ಣಾರೆ ಕಾಣೋದು ನೀವೇ, ಯಾಕಂದರೆ ಒಂದು ಕೊಪ್ಪರಿಗೆಯಲ್ಲಿ ಎಷ್ಟು ಅಚ್ಚು ಆಯಿತು ಅಂತ ಅವತ್ತೇ ಗೊತ್ತಾಗುತ್ತೆ. ಬ್ರಿಕ್ಸ್ ನೋಡಿ ಸಿಹಿ ಕಬ್ಬು ತಂದವರಿಗೆ ಟನ್‌ಗೆ ಇಷ್ಟು ಅಂತ ಜಾಸ್ತಿ ಕೊಡೋಕೆ ಶುರು ಮಾಡಿ ನೋಡಿ. ಕಾರ್ಖಾನೆಯವರು ಮಾಡದ ಕೆಲಸ ಆಲೆಮನೆಯಲ್ಲಿ ಸುಲಭ.

ಪ್ರಶ್ನೆ: ಉತ್ತರ ಪ್ರದೇಶದಲ್ಲಿ ಕೋ 0238 ಅಂತ ಭಾರಿ ತಳಿ ಇದೆಯಂತೆ. ನಮ್ಮ ಹುಡುಗ ಯೂಟ್ಯೂಬಲ್ಲಿ ನೋಡಿ ಲಾರಿಯಲ್ಲಿ ಬಿತ್ತನೆ ತರಿಸ್ತೀನಿ ಅಂತ ಕೂತಿದ್ದಾನೆ.
— ಮಾಲೂರಿನ ಓದುಗರು

ಮೊದಲು ಆ ಲಾರಿ ನಿಲ್ಲಿಸಿ! ಹುಡುಗ ನೋಡಿದ್ದು ಸುಳ್ಳಲ್ಲ. ಕೊಯಮತ್ತೂರು ಸಂಸ್ಥೆಯ ಹರಿಯಾಣದ ಕರ್ನಾಲ್ ಕೇಂದ್ರದಲ್ಲಿ ಡಾ. ಬಕ್ಷಿ ರಾಮ್ ಆರಿಸಿದ ತಳಿ ಅದು, 2009ರಲ್ಲಿ ಬಿಡುಗಡೆ. ಶೇಕಡ 9ರ ಆಸುಪಾಸಿನಲ್ಲಿದ್ದ ಉತ್ತರ ಪ್ರದೇಶದ ಸಕ್ಕರೆ ಇಳುವರಿ 11 ದಾಟಿತು. ತೂಕ, ಸಿಹಿ ಎರಡೂ ಒಟ್ಟಿಗೆ ಬಂತು ಅಂತ ಎಲ್ಲರೂ ಅದನ್ನೇ ಹಾಕಿದರು, ಆ ರಾಜ್ಯದ ಕಬ್ಬಿನ ನೆಲದಲ್ಲಿ ಮುಕ್ಕಾಲು ಪಾಲಿಗೂ ಜಾಸ್ತಿ ಅದೊಂದೇ ತಳಿ. ಆಮೇಲೆ ಕೆಂಪು ಕೊಳೆ ರೋಗ ಹೊಕ್ಕಿತು. ಕಬ್ಬು ಸೀಳಿದರೆ ಒಳಗೆ ಕೆಂಪು, ನಡುನಡುವೆ ಬಿಳಿ ಪಟ್ಟೆ, ಹುಳಿ ವಾಸನೆ. ಒಮ್ಮೆ ಬಂದರೆ ಆ ಗದ್ದೆಗೆ ಔಷಧಿ ಹೊಡೆದು ವಾಸಿ ಮಾಡೋಕೆ ಆಗಲ್ಲ. ಈಗ ಸರ್ಕಾರವೇ ಆ ತಳಿ ಬಿಡಿ ಅಂತ ರೈತರಿಗೆ ಹೇಳೋ ಹೊತ್ತು ಬಂದಿದೆ.

ಅದು ಉತ್ತರದ ಚಳಿಗೆ ಮಾಡಿದ ತಳಿ, ನಮ್ಮ ವಲಯಕ್ಕಲ್ಲ. ಅದಕ್ಕಿಂತ ದೊಡ್ಡ ಮಾತು, ತುಂಡಿನ ಜೊತೆ ಆ ರೋಗವೂ ಮಾಲೂರಿಗೆ ಇಳಿಯುತ್ತೆ. ಮೇಲೆ ವಂಶದ ಕತೆ ಹೇಳಿದೆನಲ್ಲ, ಕೋ 0238ರ ತಂದೆಯೂ ಅದೇ ಕೋ 775. ಉತ್ತರದ ದೊಡ್ಡ ತಳಿ, ದಕ್ಷಿಣದ ದೊಡ್ಡ ತಳಿ ಎರಡೂ ಹತ್ತಿರದ ನೆಂಟರು. ಹಾಗಾಗಿಯೇ ಹೊಸ ಕಾಡು ಕಬ್ಬುಗಳನ್ನು ಮತ್ತೆ ತಂದು ಕೂಡಿಸಬೇಕು ಅಂತ ವಿಜ್ಞಾನಿಗಳು ಹೇಳ್ತಿರೋದು.

ಪ್ರಶ್ನೆ: ನಾವು ತಿನ್ನೋ ಸಕ್ಕರೆ ಕುಲಾಂತರಿ ಕಬ್ಬಿನದಾ?
— ಶಿಡ್ಲಘಟ್ಟದ ಗೃಹಿಣಿ

ಅಲ್ಲ ತಾಯಿ. ಭಾರತದಲ್ಲಿ ಬೇಸಾಯಕ್ಕೆ ಅನುಮತಿ ಇರೋ ಕುಲಾಂತರಿ ಬೆಳೆ ಅಂದರೆ ಹತ್ತಿ, ಕಬ್ಬಿಗೆ ಅನುಮತಿ ಇಲ್ಲ. ಬ್ರೆಜಿಲ್ 2017ರಲ್ಲಿ ಕಾಂಡ ಕೊರೆಯುವ ಹುಳು ತಡೆಯುವ ಬಿಟಿ ಕಬ್ಬಿಗೆ ಒಪ್ಪಿಗೆ ಕೊಟ್ಟಿತು, ಇಂಡೋನೇಷ್ಯಾದಲ್ಲಿ ಬರ ತಡೆಯುವ ಒಂದಕ್ಕೆ ಒಪ್ಪಿಗೆ ಸಿಕ್ಕಿದೆ.

ಪ್ರಶ್ನೆ: ನಮ್ಮ ಕಬ್ಬೆಲ್ಲ ಸೂಲಂಗಿ ಬಿಟ್ಟುಬಿಟ್ಟಿದೆ. ತೆಂಗಿನ ತೋಟದ ಪಕ್ಕದ ಒಂದು ಎಕರೆ. ಕೆಟ್ಟ ಬಿತ್ತನೆ ಕೊಟ್ಟು ಮೋಸ ಮಾಡಿದ್ರಾ?
— ತುರುವೇಕೆರೆಯ ಓದುಗರು

ಮೋಸ ಅಂತ ಈಗಲೇ ಹೇಳೋಕಾಗಲ್ಲ. ಕೆಲವು ತಳಿ ಹೂ ಬಿಡೋದು ಜಾಸ್ತಿ, ಕೆಲವು ಕಮ್ಮಿ. ಹವಾಮಾನವೂ ಸೇರುತ್ತೆ. ತಳಿ ಮಾಡೋರು ಹೂವಿಗಾಗಿ ಕಾಯ್ತಾರೆ, ಗದ್ದೆಯಲ್ಲಿ ಅದೇ ಹೂ ಬಂದರೆ ಬೆಳವಣಿಗೆ ನಿಂತಿತು ಅಂತ ಅರ್ಥ. ಸೂಲಂಗಿ ಬಂದ ಕೂಡಲೇ ಸಕ್ಕರೆ ಇಳಿಯಲ್ಲ, ಒಂದೆರಡು ತಿಂಗಳು ಚೆನ್ನಾಗಿಯೇ ಇರುತ್ತೆ. ಆಮೇಲೆ ಬೆಂಡಾಗುತ್ತೆ, ಪಕ್ಕದ ಕಣ್ಣುಗಳು ಒಡೆಯುತ್ತವೆ, ತೂಕ ಹೋಗುತ್ತೆ. ಆಲೆಮನೆಯವರನ್ನೋ ಕಾರ್ಖಾನೆಯ ಫೀಲ್ಡ್‌ಮನ್‌ನನ್ನೋ ಹಿಡಿದು ಬೇಗ ಕಟಾವು ಮಾಡಿಸಿ. ಈ ಗದ್ದೆಯಿಂದ ಮುಂದಿನ ಬಿತ್ತನೆಗೆ ಮಾತ್ರ ತುಂಡು ತೆಗೀಬೇಡಿ. ಯಾವ ತಳಿ ಅಂತ ಗುರುತು ಹಿಡಿಸಬೇಕಾದರೆ ಒಂದು ಜಲ್ಲೆಯನ್ನು ಸೋಗೆ ಸಮೇತ ತಿಪಟೂರಿನ ಕೊನೇಹಳ್ಳಿ ಕೃಷಿ ವಿಜ್ಞಾನ ಕೇಂದ್ರಕ್ಕೆ ತಗೊಂಡು ಹೋಗಿ, ಕಣ್ಣಿನ ಆಕಾರ, ಗಿಣ್ಣು, ಎಲೆಯ ಬುಡ ನೋಡಿ ಹೇಳಬಲ್ಲರು. ಕೋಲಾರದವರಿಗೆ ಟಮಕ, ಚಿಂತಾಮಣಿ ಸುತ್ತಿನವರಿಗೆ ಕುರುಬೂರಿನ ಕೇಂದ್ರ ಹತ್ತಿರ.